ಗುರಿಯಾ, ಏಟಾ? ಡಿ20 ಕಾಳಗದಲ್ಲಿ ಯಾವಾಗ ಯಾವುದನ್ನು ಆರಿಸಬೇಕು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ಡೈಸ್ ಉರುಳಿಸಿ ಆಡುವ ಕತೆಯ ಆಟ) ಆಡುವ ಯಾವ ಟೇಬಲ್‌ಗೆ ಹೋದರೂ ಈ ಜಗಳ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ದೊಡ್ಡ ಕತ್ತಿ ಹಿಡಿದ ಫೈಟರ್‌ನ ಸರದಿ. ಅಟ್ಯಾಕ್ ರೋಲ್‌ನಲ್ಲಿ (ಏಟು ತಾಗಿತಾ ಅಂತ ನೋಡಲು 20 ಮುಖದ ಡೈಸ್, ಅಂದರೆ ಡಿ20, ಉರುಳಿಸುವುದು) 5 ಕಳೆದುಕೊಂಡರೆ ಡ್ಯಾಮೇಜ್‌ಗೆ (ತಾಗಿದರೆ ಆಗುವ ಹಾನಿಗೆ) 10 ಸೇರುತ್ತದೆ. ಒಬ್ಬರು "ತಗೋ, ತಗೋ" ಅನ್ನುತ್ತಾರೆ. ಇನ್ನೊಬ್ಬರು "ಬೇಡಪ್ಪ, ಮಿಸ್ ಆಗುತ್ತೆ" ಅನ್ನುತ್ತಾರೆ. ಇಬ್ಬರ ಹತ್ತಿರವೂ ಲೆಕ್ಕ ಇರುವುದಿಲ್ಲ. ಇದ್ದರೂ ಅರ್ಧ ಲೆಕ್ಕ.

ಆ ಅರ್ಧ ಲೆಕ್ಕದ ಹೆಸರು ಸರಾಸರಿ ಡ್ಯಾಮೇಜ್. ಅದು ಬೇಕು, ಅದನ್ನೇ ಮೊದಲು ನೋಡೋಣ. ಆದರೆ ತೀರ್ಮಾನ ಆಗುವುದು ಬೇರೆ ಕಡೆ: ಎದುರಿಗೆ ನಿಂತಿರುವುದು ಎಷ್ಟು ಏಟಿಗೆ ಬೀಳುತ್ತದೆ? ಈ ಪ್ರಶ್ನೆ ಕೇಳದೆ ಸರಾಸರಿ ಮಾತ್ರ ಹಾಕಿದವರು ಗಾಬ್ಲಿನ್‌ನಂಥ ಸಣ್ಣ ಶತ್ರುಗಳ ಮುಂದೆ ಸುಮ್ನೆ ಮಿಸ್ ಮಾಡುತ್ತಾ ಕೂರುತ್ತಾರೆ.

ಇಲ್ಲಿನ ಹೆಚ್ಚಿನ ಲೆಕ್ಕ 2014ರ ಐದನೇ ಆವೃತ್ತಿಯದು. −5/+10 ಇರುವುದು ಅದರಲ್ಲೇ, ಆ ನಿಯಮಗಳಲ್ಲೇ ಇನ್ನೂ ಆಡುವ ಗುಂಪುಗಳು ಬೇಕಾದಷ್ಟಿವೆ. 2024ರ ನಿಯಮ, ಇದೇ ಬಗೆಯ ಬೇರೆ ಆಟಗಳಾದ ಪಾತ್‌ಫೈಂಡರ್, ಗರ್ಪ್ಸ್ ಮುಂದೆ ಬರುತ್ತವೆ.

ಮೊದಲು ಗುಣಾಕಾರ

ಒಂದು ಏಟಿನ ಬೆಲೆ ಎರಡು ಸಂಖ್ಯೆಗಳ ಗುಣಾಕಾರ. ತಾಗುವ ಸಾಧ್ಯತೆ ಒಂದು, ತಾಗಿದರೆ ಆಗುವ ಡ್ಯಾಮೇಜ್ ಇನ್ನೊಂದು. 30×40 ಸೈಟ್ ನೆನಪಿಸಿಕೊಳ್ಳಿ. 30 ಅಡಿಯ ಬದಿಯನ್ನು ಒಂದು ಅಡಿ ಉದ್ದ ಮಾಡಿದರೆ 40 ಚದರ ಅಡಿ ಸಿಗುತ್ತದೆ. 40 ಅಡಿಯ ಬದಿಯನ್ನು ಉದ್ದ ಮಾಡಿದರೆ ಸಿಗುವುದು 30 ಮಾತ್ರ. ಚಿಕ್ಕ ಬದಿಗೆ ಸೇರಿಸಿದರೆ ಲಾಭ ಜಾಸ್ತಿ.

ಡಿ20ಗೂ ಇದೇ ನಿಯಮ. ನಿಮ್ಮ ಡೈಸ್‌ನ 20 ಮುಖಗಳಲ್ಲಿ ಎಷ್ಟು ಮುಖ ಬಿದ್ದರೆ ಹಿಟ್ ಆಗುತ್ತದೆ ಅಂತ ಎಣಿಸಿ. ಆ ಸಂಖ್ಯೆಗಿಂತ ನಿಮ್ಮ ಸರಾಸರಿ ಡ್ಯಾಮೇಜ್ ದೊಡ್ಡದಾಗಿದ್ದರೆ ಗುರಿಗೆ ಸಿಗುವ +1 ಒಳ್ಳೆಯದು. ಚಿಕ್ಕದಾಗಿದ್ದರೆ ಡ್ಯಾಮೇಜ್‌ಗೆ ಸಿಗುವ +1 ಒಳ್ಳೆಯದು. 13 ಮುಖಕ್ಕೆ ಹಿಟ್ ಆಗಿ 11 ಡ್ಯಾಮೇಜ್ ಕೊಡುವ ಫೈಟರ್‌ಗೆ ಡ್ಯಾಮೇಜ್ ಬೋನಸ್ ಕೊಂಚ ಮೇಲು. ಅದೇ 13 ಮುಖಕ್ಕೆ ಹಿಟ್ ಆಗಿ ಸ್ನೀಕ್ ಅಟ್ಯಾಕ್‌ನ ಹೆಚ್ಚುವರಿ ಡೈಸ್ ಸೇರಿ 19 ಡ್ಯಾಮೇಜ್ ಕೊಡುವ ರೋಗ್‌ಗೆ (ಕಳ್ಳನ ಬಗೆಯ ಪಾತ್ರಕ್ಕೆ) ಗುರಿಯೇ ಮೇಲು. ಟೇಬಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆಯದೆ ಮಾಡಬಹುದಾದ ಲೆಕ್ಕ ಇದು.

−5/+10ರ ಗೆರೆ

ಗ್ರೇಟ್ ವೆಪನ್ ಮಾಸ್ಟರ್ ಮತ್ತು ಶಾರ್ಪ್‌ಶೂಟರ್, ಎರಡು ಫೀಟ್‌ಗಳಲ್ಲೂ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯಗಳು) ಇದೇ ವ್ಯಾಪಾರ. ಮೇಲಿನ ಗುಣಾಕಾರವನ್ನೇ ಬಿಡಿಸಿ ಬರೆದರೆ ಒಂದು ಸೂತ್ರ ಸಿಗುತ್ತದೆ:

ಗೆರೆ = 16 + ಅಟ್ಯಾಕ್ ಬೋನಸ್ − (ಸರಾಸರಿ ಡ್ಯಾಮೇಜ್ ÷ 2)

ಶತ್ರುವಿನ ಎಸಿ (ಆರ್ಮರ್ ಕ್ಲಾಸ್, ಹಿಟ್ ಆಗಲು ನಿಮ್ಮ ಒಟ್ಟು ಸಂಖ್ಯೆ ಮುಟ್ಟಬೇಕಾದ ಮಟ್ಟ) ಈ ಗೆರೆಗಿಂತ ಕೆಳಗಿದ್ದರೆ −5 ತೆಗೆದುಕೊಳ್ಳಿ. ಮೇಲಿದ್ದರೆ ಬಿಡಿ. ಇಲ್ಲಿ ಅಟ್ಯಾಕ್ ಬೋನಸ್ ಅಂದರೆ ಡಿ20ಯಲ್ಲಿ ಬಿದ್ದದ್ದಕ್ಕೆ ಸೇರಿಸುವ ಸಂಖ್ಯೆ, ಸರಾಸರಿ ಅಂದರೆ +10 ಸೇರಿಸದ ಮಾಮೂಲಿ ಡ್ಯಾಮೇಜ್.

5ನೇ ಲೆವೆಲ್‌ನ ಫೈಟರ್ ಒಬ್ಬನನ್ನು ತೆಗೆದುಕೊಳ್ಳೋಣ. ಸ್ಟ್ರೆಂತ್ (ಬಲ) 18, ಅದರಿಂದ +4, ಪ್ರೊಫಿಷಿಯನ್ಸಿ (ಲೆವೆಲ್ ಜೊತೆ ಏರುವ ಬೋನಸ್) +3, ಹಾಗಾಗಿ ಅಟ್ಯಾಕ್ +7. ಗ್ರೇಟ್‌ಸೋರ್ಡ್‌ನ 2ಡಿ6ಗೆ (ಆರು ಮುಖದ ಎರಡು ಡೈಸ್‌ಗೆ) ಸರಾಸರಿ 7, ಅದಕ್ಕೆ 4 ಸೇರಿ 11. ಗೆರೆ 16 + 7 − 5.5, ಅಂದರೆ 17.5. ಒಂದು ಏಟಿನ ಸರಾಸರಿ ಹೀಗಿರುತ್ತದೆ:

| ಎಸಿ | ಮಾಮೂಲಿ ಏಟು | −5/+10 |
|---|---|---|
| 11 | 9.35 | 12.6 |
| 13 | 8.25 | 10.5 |
| 15 | 7.15 | 8.4 |
| 17 | 6.05 | 6.3 |
| 18 | 5.5 | 5.25 |
| 20 | 4.4 | 3.15 |

ಕ್ರಿಟ್ (ಡಿ20ಯಲ್ಲಿ 20 ಬಿದ್ದಾಗ ಆಗುವ ಭಾರಿ ಏಟು) ಬಿಟ್ಟಿದ್ದೇನೆ, ಬೇಕಂತಲೇ. ಕ್ರಿಟ್‌ನಲ್ಲಿ ಇಮ್ಮಡಿಯಾಗುವುದು ಡೈಸ್ ಮಾತ್ರ, ಆ +10 ಇಮ್ಮಡಿಯಾಗುವುದಿಲ್ಲ. 20 ಬಿದ್ದಾಗ ಹೆಚ್ಚಿಗೆ ಸಿಗುವ ಸರಾಸರಿ 7 ಎರಡು ಸಾಲಿಗೂ ಒಂದೇ ಸಮ ಸೇರುತ್ತದೆ. ಹೋಲಿಕೆ ಬದಲಾಗುವುದಿಲ್ಲ.

ಸೂತ್ರದಲ್ಲಿ ಒಂದು ವಿಚಿತ್ರ ಗಮನಿಸಿ. ನಿಮ್ಮ ಮಾಮೂಲಿ ಡ್ಯಾಮೇಜ್ ಹೆಚ್ಚಾದಷ್ಟೂ ಗೆರೆ ಕೆಳಗಿಳಿಯುತ್ತದೆ. 11ನೇ ಲೆವೆಲ್, ಸ್ಟ್ರೆಂತ್ 20 ಇರುವ ಫೈಟರ್‌ಗೆ ಅಟ್ಯಾಕ್ +9, ಡ್ಯಾಮೇಜ್ 12, ಗೆರೆ 19. ಅವನ ಕೈಗೆ ಫ್ಲೇಮ್ ಟಂಗ್ ಕೊಡಿ. ಬೆಂಕಿಯ 2ಡಿ6 ಸೇರಿ ಡ್ಯಾಮೇಜ್ 19 ಆಗುತ್ತದೆ, ಗೆರೆ 15.5ಕ್ಕೆ ಬೀಳುತ್ತದೆ. ಒಳ್ಳೆಯ ಕತ್ತಿ ಸಿಕ್ಕ ಖುಷಿಯಲ್ಲಿ ಎಲ್ಲರೂ ಇನ್ನೂ ಜೋರಾಗಿ ಬೀಸುತ್ತಾರೆ. ನಿಜಕ್ಕೂ ಆಗ ಮಿಸ್ ಆದರೆ ಕಳೆದುಕೊಳ್ಳುವುದು ಜಾಸ್ತಿ, ಆದ್ದರಿಂದ ಗುರಿಗೇ ಬೆಲೆ ಜಾಸ್ತಿ.

ಬಿಲ್ಲುಗಾರರ ಕತೆ ಇದಕ್ಕೆ ತಿರುಗುಮುರುಗು. 5ನೇ ಲೆವೆಲ್, ಡೆಕ್ಸ್ (ಚುರುಕುತನ) 18, ಆರ್ಚರಿ ಸ್ಟೈಲ್‌ನ +2 ಸೇರಿ ಅಟ್ಯಾಕ್ +9. ಲಾಂಗ್‌ಬೋ ಡ್ಯಾಮೇಜ್ 8.5. ಗೆರೆ 20.75. ಆ ಲೆವೆಲ್‌ನಲ್ಲಿ ಎಸಿ 21 ಇರುವ ಶತ್ರು ಎಷ್ಟು ಸಲ ಎದುರಾಗುತ್ತದೆ ಹೇಳಿ. ಅದಕ್ಕೇ ಶಾರ್ಪ್‌ಶೂಟರ್ ಇದ್ದವರು ಯೋಚನೆಯನ್ನೇ ಮಾಡುವುದಿಲ್ಲ. ಪಕ್ಕದಲ್ಲಿ ಕೂತ ರೋಗ್ ಅವರನ್ನು ನೋಡಿ ಅದೇ ಫೀಟ್ ತೆಗೆದುಕೊಂಡರೆ ಮಾತ್ರ ಎಡವುತ್ತಾರೆ. 5ನೇ ಲೆವೆಲ್‌ನಲ್ಲಿ ಶಾರ್ಟ್‌ಬೋ ಮತ್ತು 3ಡಿ6 ಸ್ನೀಕ್ ಸೇರಿ 18 ಡ್ಯಾಮೇಜ್, ಅಟ್ಯಾಕ್ +7, ಗೆರೆ 14. ಎಸಿ 14ಕ್ಕೆ ಸಮಸಮ, ಅಲ್ಲಿಂದ ಮೇಲೆ ಬರೀ ನಷ್ಟ.

ಗಾಬ್ಲಿನ್ ಮತ್ತು ಆರ್ಕ್

ಈಗ ಉಳಿದರ್ಧ ಲೆಕ್ಕ.

ಗಾಬ್ಲಿನ್‌ಗೆ ಎಸಿ 15, ಎಚ್‌ಪಿ (ಹಿಟ್ ಪಾಯಿಂಟ್, ಸೊನ್ನೆಯಾದರೆ ಬೀಳುತ್ತದೆ) 7. ಪಟ್ಟಿ ನೋಡಿದರೆ −5 ತೆಗೆದುಕೊಳ್ಳುವುದೇ ಸರಿ: 7.15ರ ಎದುರು 8.4. ಆದರೆ ನಮ್ಮ ಫೈಟರ್‌ನ ಮಾಮೂಲಿ ಏಟೇ ಕನಿಷ್ಠ 6. ಎರಡು ಡೈಸ್‌ನಲ್ಲೂ 1 ಬಿದ್ದರೆ ಮಾತ್ರ ಗಾಬ್ಲಿನ್ ಬದುಕುತ್ತದೆ, ಅದು 36ರಲ್ಲಿ ಒಂದು ಸಲ. ಅಂದರೆ ತಾಗಿದರೆ ಸತ್ತ ಹಾಗೇ ಲೆಕ್ಕ. ಮಾಮೂಲಿ ಏಟಿಗೆ ಸಾಯುವ ಸಾಧ್ಯತೆ ಶೇ. 63. −5 ತೆಗೆದುಕೊಂಡರೆ ಶೇ. 40. ಸರಾಸರಿಯಲ್ಲಿ ಕಾಣುವ ಆ ಹೆಚ್ಚುವರಿ ಡ್ಯಾಮೇಜ್ ಹೋಗಿದ್ದು ಎಲ್ಲಿಗೆ? ಸತ್ತ ಗಾಬ್ಲಿನ್‌ನ ಮೈಮೇಲೆ. 7 ಎಚ್‌ಪಿ ಇರುವುದಕ್ಕೆ 21 ಹೊಡೆದರೆ 14 ವ್ಯರ್ಥ.

5ನೇ ಲೆವೆಲ್‌ನಲ್ಲಿ ಎರಡು ಏಟು ಸಿಗುತ್ತವೆ. ಎದುರಿಗೆ ಎರಡು ಗಾಬ್ಲಿನ್ ಇದ್ದರೆ ಎರಡನ್ನೂ ಒಂದೇ ಸರದಿಯಲ್ಲಿ ಮುಗಿಸುವ ಸಾಧ್ಯತೆ ಮಾಮೂಲಿ ಏಟಿಗೆ ಶೇ. 40, −5ಗೆ ಶೇ. 16. ಅಷ್ಟೇ ಅಲ್ಲ. ಗ್ರೇಟ್ ವೆಪನ್ ಮಾಸ್ಟರ್‌ನ ಇನ್ನೊಂದು ಭಾಗವನ್ನು ತುಂಬಾ ಜನ ಮರೆತೇ ಬಿಡುತ್ತಾರೆ: ಶತ್ರುವನ್ನು ಸೊನ್ನೆಗೆ ಇಳಿಸಿದರೆ ಬೋನಸ್ ಆಕ್ಷನ್‌ನಲ್ಲಿ ಇನ್ನೊಂದು ಏಟು ಸಿಗುತ್ತದೆ. ಗುರಿಯಿಟ್ಟು ಕೊಂದವನಿಗೆ ಆ ಮೂರನೇ ಏಟು ಹೆಚ್ಚು ಸಲ ಸಿಗುತ್ತದೆ. ಒಂದೇ ಫೀಟ್‌ನ ಅರ್ಧ ಭಾಗ ಇನ್ನರ್ಧದ ಕಾಲೆಳೆಯುತ್ತದೆ ಅನ್ನಬಹುದು.

ಈಗ ಆರ್ಕ್. ಎಸಿ 13, ಎಚ್‌ಪಿ 15. ಮಾಮೂಲಿ ಏಟಿಗೆ ಹಿಟ್ ಸಾಧ್ಯತೆ ಶೇ. 75, ಆದರೆ 15 ಮುಟ್ಟಬೇಕಾದರೆ 2ಡಿ6ನಲ್ಲಿ 11 ಅಥವಾ 12 ಬೀಳಬೇಕು. ಕ್ರಿಟ್ ಸೇರಿಸಿಕೊಂಡರೂ ಒಂದೇ ಏಟಿಗೆ ಆರ್ಕ್ ಬೀಳುವುದು ಸುಮಾರು ಶೇ. 10. −5 ತೆಗೆದುಕೊಂಡರೆ ಹಿಟ್ ಸಾಧ್ಯತೆ ಶೇ. 50ಕ್ಕೆ ಇಳಿಯುತ್ತದೆ, ಆದರೆ ತಾಗಿದ ಏಟು ಕನಿಷ್ಠ 16. ತಾಗಿದರೆ ಮುಗೀತು. ಒಂದು ಏಟಿಗೆ ಶೇ. 10 ಎಲ್ಲಿ, ಶೇ. 50 ಎಲ್ಲಿ! ಎರಡು ಏಟಿನ ಸರದಿ ಪೂರ್ತಿ ನೋಡಿದರೆ ಅಂತರ ಕಡಿಮೆಯಾಗುತ್ತದೆ, ಶೇ. 61ರ ಎದುರು ಶೇ. 75. ಆದರೂ ಇಲ್ಲಿ −5 ಸ್ಪಷ್ಟವಾಗಿ ಮೇಲು.

ಗಾಬ್ಲಿನ್‌ಗೂ ಆರ್ಕ್‌ಗೂ ಎಸಿಯಲ್ಲಿ ಇರುವ ವ್ಯತ್ಯಾಸ 2. ತೀರ್ಮಾನ ಉಲ್ಟಾ ಆಗಿದ್ದು ಅದರಿಂದ ಅಲ್ಲ. ಒಂದು ಮಾಮೂಲಿ ಏಟಿಗೇ ಬೀಳುತ್ತದೆ, ಇನ್ನೊಂದಕ್ಕೆ ಎರಡು ಬೇಕು, +10 ಸೇರಿದರೆ ಆ ಎರಡು ಒಂದಾಗುತ್ತದೆ. +10 ಬಂದು ಏಟಿನ ಎಣಿಕೆ ಕಡಿಮೆ ಮಾಡಿದರೆ ಮಾತ್ರ ಅದಕ್ಕೆ ಬೆಲೆ.

ಓಗರ್ ಇದಕ್ಕೆ ಒಳ್ಳೆಯ ಪರೀಕ್ಷೆ. ಎಸಿ 11, ಎಚ್‌ಪಿ 59. ಮಾಮೂಲಿ ಏಟುಗಳಾದರೆ ಸಾಮಾನ್ಯವಾಗಿ 6 ತಾಗಬೇಕು, ಮಿಸ್ ಸೇರಿ 7 ಸಲ ಬೀಸಬೇಕು. −5/+10 ಆದರೆ 3 ತಾಗಿದರೆ ಸಾಕು, 5 ಸಲ ಬೀಸಿದರೆ ಆಗುತ್ತದೆ. ಹಾಗಂತ ಕೊನೆವರೆಗೂ ಹಾಗೇ ಬೀಸಬೇಡಿ. ಓಗರ್‌ಗೆ 8 ಎಚ್‌ಪಿ ಉಳಿದಾಗ ಮಾಮೂಲಿ ಏಟಿಗೆ ಅದು ಬೀಳುವ ಸಾಧ್ಯತೆ ಶೇ. 78, −5 ತೆಗೆದುಕೊಂಡರೆ ಶೇ. 60. 10 ಉಳಿದಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ. ಆರಂಭದಲ್ಲಿ ಜೋರು, ಕೊನೆಗೆ ಗುರಿ. ಆದ್ದರಿಂದ "ನೋಡೋಕೆ ಹೇಗಿದೆ ಅದು?" ಅಂತ ಡಿಎಂಗೆ (ಆಟ ನಡೆಸುವವರಿಗೆ) ಆಗಾಗ ಕೇಳುತ್ತಿರಿ. ಕೇಳೋಕೆ ದುಡ್ಡೇನೂ ಕೊಡಬೇಕಿಲ್ಲ.

ಜಾಂಬಿ ಮಾತ್ರ ಬೇರೆ ಜಾತಿ. ಎಸಿ 8, ಎಚ್‌ಪಿ 22. ಸೊನ್ನೆಗೆ ಇಳಿದಾಗ ಅದು ಕಾನ್ಸ್ಟಿಟ್ಯೂಷನ್ ಸೇವ್ (ತಡೆದುಕೊಳ್ಳಲು ಉರುಳಿಸುವ ಡಿ20) ಮಾಡುತ್ತದೆ, ಗೆದ್ದರೆ 1 ಎಚ್‌ಪಿಯಲ್ಲಿ ಎದ್ದು ನಿಲ್ಲುತ್ತದೆ. ಆ ಸೇವ್‌ನ ಡಿಸಿ, ಅಂದರೆ ಮುಟ್ಟಬೇಕಾದ ಸಂಖ್ಯೆ, 5 ಮತ್ತು ಆ ಏಟಿನ ಡ್ಯಾಮೇಜ್ ಸೇರಿದ್ದು. 11 ಹೊಡೆದರೆ ಡಿಸಿ 16, ಜಾಂಬಿಯ +3ಗೆ ಆಗಾಗ ದಕ್ಕುತ್ತದೆ. 21 ಹೊಡೆದರೆ ಡಿಸಿ 26. 20 ಬಿದ್ದರೂ 23 ಆಗುತ್ತದೆ, ದಾಟಲು ಸಾಧ್ಯವೇ ಇಲ್ಲ. ಜೊತೆಗೆ ಎಸಿ ಅಷ್ಟು ಕಡಿಮೆ ಇರುವುದರಿಂದ −5ರ ಪೂರ್ತಿ ದಂಡವೂ ಬೀಳುವುದಿಲ್ಲ. 1 ಬಿದ್ದರೆ ಹೇಗೂ ಮಿಸ್, ಹಾಗಾಗಿ 19 ಮುಖ ಇದ್ದದ್ದು 15 ಆಗುತ್ತದೆ, ಕಳೆದದ್ದು ನಾಲ್ಕೇ. ಜಾಂಬಿಗೆ ಕಣ್ಣು ಮುಚ್ಚಿ ಬೀಸಿ.

ಗುರಿಯೇ ಎಲ್ಲ ಅನ್ನುವ ಸಂದರ್ಭಗಳು

ಎದುರಿಗೆ ಮಂತ್ರವಾದಿ ಇದ್ದಾನೆ, ಯಾವುದೋ ಕೆಟ್ಟ ಸ್ಪೆಲ್ ಮೇಲೆ ಕಾನ್ಸಂಟ್ರೇಷನ್ ಹಿಡಿದಿದ್ದಾನೆ. ಅದು ಮುರಿದರೆ ಸ್ಪೆಲ್ ನಿಲ್ಲುತ್ತದೆ, ಅದನ್ನೇ ಮುರಿಯಬೇಕು. ಏಟು ತಿಂದಾಗ ಅವನು ಮಾಡುವ ಸೇವ್‌ನ ಡಿಸಿ 10, ಅಥವಾ ಡ್ಯಾಮೇಜ್‌ನ ಅರ್ಧ, ಯಾವುದು ದೊಡ್ಡದೋ ಅದು. 11 ಹೊಡೆದರೆ ಅರ್ಧ 5, ಡಿಸಿ 10. 21 ಹೊಡೆದರೆ ಅರ್ಧ 10, ಡಿಸಿ ಆಗಲೂ 10! ಅಷ್ಟು ಕಷ್ಟಪಟ್ಟು ಸೇರಿಸಿದ +10ಕ್ಕೆ ಸಿಕ್ಕಿದ್ದು ಏನೂ ಇಲ್ಲ. ಬದಲಿಗೆ ಅವನು ಎಷ್ಟು ಸಲ ಸೇವ್ ಮಾಡಬೇಕಾಗುತ್ತದೆ ಅನ್ನುವುದು ಮುಖ್ಯ. ಮೇಜ್ ಆರ್ಮರ್ ಅನ್ನುವ ರಕ್ಷಣೆಯ ಸ್ಪೆಲ್ ಹಾಕಿಕೊಂಡು ಎಸಿ 15ರಲ್ಲಿ ನಿಂತವನಿಗೆ ಎರಡು ಮಾಮೂಲಿ ಏಟು ಬೀಸಿದರೆ ಸರಾಸರಿ 1.3 ಸೇವ್, −5 ತೆಗೆದುಕೊಂಡರೆ 0.8. ಮೇಲಾಗಿ ಶೀಲ್ಡ್ ಸ್ಪೆಲ್ ಹಾಕಿದರೆ ಅವನ ಎಸಿ 20ಕ್ಕೆ ಹಾರುತ್ತದೆ.

ಟ್ರೋಲ್ ಕೂಡ ಹೀಗೇ. ಬೆಂಕಿ ಅಥವಾ ಆಸಿಡ್ ತಾಗಿದರೆ ಅದರ ಮುಂದಿನ ಸರದಿಯಲ್ಲಿ ಗಾಯ ಮಾಯುವುದು ನಿಲ್ಲುತ್ತದೆ. ಎಷ್ಟು ಬೆಂಕಿ ಅನ್ನುವುದು ಲೆಕ್ಕಕ್ಕಿಲ್ಲ, ತಾಗಿತಾ ಇಲ್ಲವಾ ಅಷ್ಟೇ. ಆ ಒಂದು ಏಟು ಹಾಕುವವರು ತಂಡದಲ್ಲಿ ಅತಿ ಹೆಚ್ಚು ಗುರಿ ಇರುವವರಾಗಿರಲಿ.

ಡಿಸ್‌ಅಡ್ವಾಂಟೇಜ್ (ಎರಡು ಡಿ20 ಉರುಳಿಸಿ ಕಡಿಮೆ ಬಂದದ್ದನ್ನು ಹಿಡಿಯುವುದು) ಇದ್ದಾಗಲೂ −5 ಬೇಡ. ಎಸಿ 11ರ ಓಗರ್ ಮೇಲೂ ಬೇಡ: ಸಾಧ್ಯತೆಯನ್ನು ಅದರಿಂದಲೇ ಗುಣಿಸಬೇಕಾಗುವುದರಿಂದ ಮಾಮೂಲಿ ಏಟಿಗೆ 7.95, −5ಗೆ 7.56. ಎಸಿ 15ಕ್ಕೆ 4.65ರ ಎದುರು 3.36. ಅಡ್ವಾಂಟೇಜ್ (ಎರಡರಲ್ಲಿ ಹೆಚ್ಚು ಬಂದದ್ದನ್ನು ಹಿಡಿಯುವುದು) ಇದ್ದರೆ ಚಿತ್ರ ಉಲ್ಟಾ. ಎಸಿ 18ಕ್ಕೆ ಅಡ್ವಾಂಟೇಜ್ ಇಲ್ಲದಿದ್ದಾಗ −5 ನಷ್ಟ ಅಂತ ಪಟ್ಟಿಯಲ್ಲಿ ನೋಡಿದೆವಲ್ಲ. ಅಡ್ವಾಂಟೇಜ್ ಸಿಕ್ಕರೆ 8.25ರ ಎದುರು 9.19, ಲಾಭ. ಬಾರ್ಬೇರಿಯನ್‌ಗೆ 2ನೇ ಲೆವೆಲ್‌ನಲ್ಲಿ ಸಿಗುವ, ಅಡ್ವಾಂಟೇಜ್ ಕೊಡುವ ರೆಕ್‌ಲೆಸ್ ಅಟ್ಯಾಕ್ ಈ ಫೀಟ್‌ಗೆ ಅಷ್ಟು ಚೆನ್ನಾಗಿ ಹೊಂದುವುದು ಇದಕ್ಕೇ.

ಬ್ಲೆಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದನೇ ಲೆವೆಲ್‌ನ ಸ್ಪೆಲ್, ಮೂರು ಜನರ ಅಟ್ಯಾಕ್ ರೋಲ್‌ಗೆ ಡಿ4 (ನಾಲ್ಕು ಮುಖದ ಡೈಸ್) ಸೇರುತ್ತದೆ, ಅಂದರೆ ಸರಾಸರಿ 2.5. −5ರ ಅರ್ಧ ದಂಡ ಅಲ್ಲೇ ಮನ್ನಾ. ನಮ್ಮ ಫೈಟರ್‌ನ ಗೆರೆ 17.5ರಿಂದ 20ಕ್ಕೆ ಏರುತ್ತದೆ. 11ನೇ ಲೆವೆಲ್‌ನವನು ಎಸಿ 19ರ ಪ್ರಾಯದ ರೆಡ್ ಡ್ರ್ಯಾಗನ್ ಎದುರು ನಿಂತರೆ ಮಾಮೂಲಿ ಏಟೂ 6.6, −5/+10 ಕೂಡ 6.6, ಸರಿಯಾಗಿ ಗೆರೆ ಮೇಲೆ. ಕ್ಲೆರಿಕ್ (ಪೂಜಾರಿ ಪಾತ್ರ) ಬ್ಲೆಸ್ ಹಾಕಿದ ಕ್ಷಣ −5 ಕಡೆಗೆ ವಾಲುತ್ತದೆ. ಆ ಕಾಳಗದಲ್ಲಿ ಫೈಟರ್‌ನ ದೊಡ್ಡ ಸಂಖ್ಯೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅದರಲ್ಲಿ ಕ್ಲೆರಿಕ್‌ನ ಪಾಲು ಯಾರಿಗೂ ಕಾಣುವುದಿಲ್ಲ. ಬ್ಯಾಟಲ್ ಮಾಸ್ಟರ್ ಅನ್ನುವ ಬಗೆಯ ಫೈಟರ್‌ನ ಪ್ರಿಸಿಷನ್ ಅಟ್ಯಾಕ್ ಇನ್ನೂ ಜಾಣತನದ್ದು. ಡಿ20 ಉರುಳಿಸಿದ ಮೇಲೂ ಒಂದು ಡಿ8 ಸೇರಿಸಬಹುದು, ಆದ್ದರಿಂದ ಸ್ವಲ್ಪದರಲ್ಲಿ ತಪ್ಪಿದ ಏಟಿಗೆ ಮಾತ್ರ ಖರ್ಚು ಮಾಡಬಹುದು.

ಪಾತ್ರ ಕಟ್ಟುವಾಗ

4ನೇ ಲೆವೆಲ್‌ನಲ್ಲಿ ಬರುವ ಪ್ರಶ್ನೆ: ಸ್ಟ್ರೆಂತ್ 16ನ್ನು 18 ಮಾಡುವುದಾ, ಗ್ರೇಟ್ ವೆಪನ್ ಮಾಸ್ಟರ್ ತೆಗೆದುಕೊಳ್ಳುವುದಾ? ಎಸಿ 11ಕ್ಕೆ ಸ್ಟ್ರೆಂತ್ 8.8 ಕೊಡುತ್ತದೆ, ಫೀಟ್ 10. ಎಸಿ 13ಕ್ಕೆ 7.7 ಮತ್ತು 8. ಎಸಿ 15ಕ್ಕೆ 6.6 ಮತ್ತು 6. ಎದೆ ತಟ್ಟಿಕೊಂಡು ಹೇಳುವಷ್ಟು ವ್ಯತ್ಯಾಸ ಎಲ್ಲೂ ಇಲ್ಲ. ಸ್ಟ್ರೆಂತ್ ಯಾವಾಗಲೂ ಕೆಲಸ ಮಾಡುತ್ತದೆ, ಫೀಟ್‌ಗೆ ತಂಡದ ಬೆಂಬಲ ಬೇಕು. ತಂಡದಲ್ಲಿ ಬ್ಲೆಸ್ ಹಾಕುವವರು, ಅಡ್ವಾಂಟೇಜ್ ಕೊಡುವ ಫೇರಿ ಫೈರ್ ಹಾಕುವವರು ಇದ್ದರೆ ಫೀಟ್ ತೆಗೆದುಕೊಳ್ಳಿ. ಇಲ್ಲದಿದ್ದರೆ ನಾನಾದರೆ ಸ್ಟ್ರೆಂತ್ ಏರಿಸುತ್ತೇನೆ.

ಲೆಕ್ಕಕ್ಕೆ ಸಿಗದ ಒಂದು ವಿಷಯವೂ ಇದೆ. ಎಸಿ 15ರ ಮೇಲೆ ಎರಡೂ ಏಟು ಮಿಸ್ ಆಗುವ ಸಾಧ್ಯತೆ ನಮ್ಮ 5ನೇ ಲೆವೆಲ್‌ನವನಿಗೆ ಮಾಮೂಲಿಯಾಗಿ ಶೇ. 12. −5 ತೆಗೆದುಕೊಂಡರೆ ಶೇ. 36. ಆರು ಜನರ ಟೇಬಲ್‌ನಲ್ಲಿ ನಿಮ್ಮ ಸರದಿ ಬರುವುದೇ ಎಷ್ಟೋ ಹೊತ್ತಿಗೆ. ಬಂದಾಗ ಮೂರರಲ್ಲಿ ಒಂದು ಸಲ "ಮಿಸ್, ಮಿಸ್, ಆಯ್ತು" ಅಂದು ಕೂರುವುದು ಬೇಜಾರು, ಅಲ್ವಾ? ಗೆಲ್ಲುತ್ತಿರುವ ಕಾಳಗದಲ್ಲಿ ಏರಿಳಿತ ಕಡಿಮೆ ಇರಲಿ, ಗುರಿ ಹಿಡಿಯಿರಿ. ಸೋಲುತ್ತಿರುವಾಗ ಒಂದು ದೊಡ್ಡ ಏಟೇ ಉಳಿದ ದಾರಿಯಾದರೆ ಸರಾಸರಿ ನೋಡಬೇಡಿ, ಬೀಸಿ.

2024ರ ನಿಯಮದಲ್ಲಿ

2024ರ ಪರಿಷ್ಕೃತ ನಿಯಮಗಳು ಈ ಜೂಜನ್ನೇ ತೆಗೆದು ಹಾಕಿವೆ. ಗ್ರೇಟ್ ವೆಪನ್ ಮಾಸ್ಟರ್ ಈಗ ಅಟ್ಯಾಕ್ ಆಕ್ಷನ್‌ನಲ್ಲಿ ಹೆವಿ ಆಯುಧದಿಂದ ತಾಗಿದ ಏಟಿಗೆ ಪ್ರೊಫಿಷಿಯನ್ಸಿ ಬೋನಸ್ ಸೇರಿಸುತ್ತದೆ, ಯಾವ ದಂಡವೂ ಇಲ್ಲ. ಸ್ಟ್ರೆಂತ್‌ಗೂ 1 ಸಿಗುತ್ತದೆ. ಶಾರ್ಪ್‌ಶೂಟರ್‌ನಿಂದಲೂ −5/+10 ಹೋಗಿದೆ.

ಆಯ್ಕೆ ಈಗ ಆಯುಧದ "ಮಾಸ್ಟರಿ" (ಆಯುಧಕ್ಕೇ ಇರುವ ವಿಶೇಷ ಗುಣ) ಕಡೆಗೆ ಬಂದಿದೆ. ಗ್ರೇಟ್‌ಸೋರ್ಡ್‌ಗೆ ಗ್ರೇಜ್: ಮಿಸ್ ಆದರೂ ಸ್ಟ್ರೆಂತ್ ಮಾಡಿಫೈಯರ್‌ನಷ್ಟು ಡ್ಯಾಮೇಜ್. ರೇಪಿಯರ್, ಶಾರ್ಟ್‌ಬೋಗಳಿಗೆ ವೆಕ್ಸ್: ತಾಗಿದರೆ ಅದೇ ಶತ್ರುವಿನ ಮೇಲೆ ಮುಂದಿನ ಏಟಿಗೆ ಅಡ್ವಾಂಟೇಜ್. ನಮ್ಮ 5ನೇ ಲೆವೆಲ್ ಫೈಟರ್ ಹೊಸ ನಿಯಮದಲ್ಲಿ ಎಸಿ 15ರ ಮೇಲೆ ತಾಗಿದರೆ 14, ಮಿಸ್ ಆದರೆ 4, ಸರಾಸರಿ 10.5. ಹಳೆಯ −5/+10ಗೆ 8.4 ಇತ್ತು. ದಂಡವೂ ಹೋಯಿತು, ಡ್ಯಾಮೇಜೂ ಜಾಸ್ತಿಯಾಯಿತು. 4 ಎಚ್‌ಪಿ ಉಳಿದ ಶತ್ರುವನ್ನು ಮಿಸ್ ಮಾಡಿಯೂ ಕೊಲ್ಲಬಹುದು. ರೋಗ್ ಆಡುವವರಿಗೆ ವೆಕ್ಸ್ ಬಿಟ್ಟು ಬೇರೆ ಯೋಚನೆ ಬೇಡ, ಅಡ್ವಾಂಟೇಜ್ ಜೊತೆಗೆ ಸ್ನೀಕ್ ಅಟ್ಯಾಕ್‌ನ ದಾರಿಯೂ ತೆರೆಯುತ್ತದೆ.

ಹಳೆಯದರ ಮಜಾ ಹೋಯಿತು ಅಂತ ಬೇಸರಪಡುವವರೂ ಇದ್ದಾರೆ. 2003ರ 3.5 ಆವೃತ್ತಿಯಲ್ಲಿ ಪವರ್ ಅಟ್ಯಾಕ್‌ಗೆ ಎಷ್ಟು ಕಳೆಯಬೇಕು ಅನ್ನುವುದೂ ಆಟಗಾರನ ಕೈಯಲ್ಲೇ ಇತ್ತು, ಎರಡು ಕೈಯ ಆಯುಧವಾದರೆ ಕಳೆದದ್ದರ ಇಮ್ಮಡಿ ಸೇರುತ್ತಿತ್ತು. ಪ್ರತಿ ಸರದಿಗೂ ಒಂದು ಗಣಿತದ ಪರೀಕ್ಷೆ. ನನಗಂತೂ ಅದು ಹೋಗಿದ್ದೇ ಒಳ್ಳೆಯದಾಯಿತು.

ಪಾತ್‌ಫೈಂಡರ್ ಎರಡನೇ ಆವೃತ್ತಿ

ಇಲ್ಲಿ ಗುರಿಯ ಬೆಲೆಯೇ ಬೇರೆ. ಎಸಿಗಿಂತ 10 ಹೆಚ್ಚು ಬಂದರೆ ಕ್ರಿಟ್, ಕ್ರಿಟ್‌ಗೆ ಪೂರ್ತಿ ಡ್ಯಾಮೇಜ್ ಇಮ್ಮಡಿ. ಹಾಗಾಗಿ +1 ಎರಡು ಕಡೆ ಕೆಲಸ ಮಾಡುತ್ತದೆ. 8 ಬಿದ್ದರೆ ಹಿಟ್ ಆಗುವವರಿಗೆ 8ರಿಂದ 17ರವರೆಗೆ ಹಿಟ್, 18ರಿಂದ ಕ್ರಿಟ್. ಒಂದು ಏಟಿಗೆ ಸರಾಸರಿ ಡ್ಯಾಮೇಜ್‌ನ 0.8 ಪಾಲು ಸಿಗುತ್ತದೆ. +1 ಬಂದರೆ 0.9. +2 ಬಂದರೆ 1.0, ಅಂದರೆ ಕಾಲು ಭಾಗ ಏರಿಕೆ. ಫೈಟರ್‌ಗೆ ಉಳಿದ ಹೆಚ್ಚಿನ ಆಯುಧಧಾರಿಗಳಿಗಿಂತ 1ನೇ ಲೆವೆಲ್‌ನಿಂದಲೇ ಸಿಗುವ +2 ಇದೇ. ನೋಡೋಕೆ ಚಿಕ್ಕದು, ಟೇಬಲ್‌ನಲ್ಲಿ ದೊಡ್ಡದು. ಇದನ್ನು ತಿಳಿದವರು ಇಲ್ಲಿ ಡ್ಯಾಮೇಜ್ ಹಿಂದೆ ಓಡುವ ಮೊದಲು ಶತ್ರುವಿನ ಎಸಿ ಇಳಿಸುವ ದಾರಿ ಹುಡುಕುತ್ತಾರೆ. ಎರಡು ಬದಿಯಿಂದ ಸುತ್ತುವರಿದರೆ ಶತ್ರುವಿನ ಎಸಿ 2 ಇಳಿಯುತ್ತದೆ, ತಂಡದ ಸ್ಥಾನ ಸರಿ ಇದ್ದರೆ ಅದು ಪುಕ್ಕಟೆ.

ಜೋರು ಏಟಿಗೆ ಇಲ್ಲಿ ಕೊಡುವ ಬೆಲೆ ಗುರಿಯಲ್ಲ, ಆಕ್ಷನ್ (ಸರದಿಯಲ್ಲಿ ಮಾಡಬಹುದಾದ ಒಂದು ಕೆಲಸ). ಮೊದಲು ಪವರ್ ಅಟ್ಯಾಕ್ ಅನ್ನುತ್ತಿದ್ದದ್ದು 2023ರ ಪರಿಷ್ಕರಣೆಯಲ್ಲಿ ವಿಶಿಯಸ್ ಸ್ವಿಂಗ್ ಆಯಿತು. ಎರಡು ಆಕ್ಷನ್‌ಗೆ ಒಂದು ಏಟು, ಒಂದು ಆಯುಧದ ಡೈಸ್ ಹೆಚ್ಚು. 1ನೇ ಲೆವೆಲ್ ಫೈಟರ್, ಅಟ್ಯಾಕ್ +9, ಡಿ12 ಗ್ರೇಟ್‌ಸೋರ್ಡ್, ಎಸಿ 15. ವಿಶಿಯಸ್ ಸ್ವಿಂಗ್‌ಗೆ ಸರಾಸರಿ 17. ಎರಡನೇ ಏಟಿಗೆ −5 ದಂಡ ಕಟ್ಟಿ ಎರಡು ಸಲ ಬೀಸಿದರೆ 16.3. ಹೆಚ್ಚುಕಮ್ಮಿ ಒಂದೇ, ಹಾಗಾಗಿ ಬೇರೆ ಕಾರಣ ಬೇಕು. ಶತ್ರುವಿಗೆ ಡ್ಯಾಮೇಜ್ ರೆಸಿಸ್ಟೆನ್ಸ್ 5 ಇದ್ದರೆ ಆ ಕಾರಣ ಸಿಗುತ್ತದೆ. ಈ ಆಟದಲ್ಲಿ ರೆಸಿಸ್ಟೆನ್ಸ್ ಪ್ರತಿ ಏಟಿನಿಂದ ಒಂದು ನಿಗದಿತ ಸಂಖ್ಯೆ ಕಳೆಯುತ್ತದೆ, ಎರಡು ಏಟಾದರೆ ಎರಡು ಸಲ ಕಳೆಯುತ್ತದೆ. ಎಸಿ 19, ರೆಸಿಸ್ಟೆನ್ಸ್ 5 ಇರುವ ಶತ್ರುವಿಗೆ ಒಂದು ದೊಡ್ಡ ಏಟು 7.45 ಕೊಟ್ಟರೆ ಎರಡು ಸಣ್ಣ ಏಟು 5.7. ಡಿ ಅಂಡ್ ಡಿಯಲ್ಲಿ ರೆಸಿಸ್ಟೆನ್ಸ್ ಎಲ್ಲವನ್ನೂ ಅರ್ಧ ಮಾಡುವುದರಿಂದ ಈ ವ್ಯತ್ಯಾಸ ಬರುವುದಿಲ್ಲ.

ಗರ್ಪ್ಸ್: ಮೂರು ಡೈಸ್‌ನ ಆಟ

ಗರ್ಪ್ಸ್‌ನಲ್ಲಿ ಈ ಆಯ್ಕೆ ನೇರವಾಗಿ ನಿಯಮದಲ್ಲೇ ಇದೆ. ಆಲ್-ಔಟ್ ಅಟ್ಯಾಕ್ ಮಾಡಿದರೆ ಆ ಸುತ್ತಿನಲ್ಲಿ ತಪ್ಪಿಸಿಕೊಳ್ಳುವುದು, ತಡೆಯುವುದು ಎರಡೂ ಇಲ್ಲ. ಬದಲಿಗೆ ಗುರಿಗೆ +4 ತೆಗೆದುಕೊಳ್ಳಬಹುದು, ಅಥವಾ ಡ್ಯಾಮೇಜ್‌ಗೆ +2. ಡೈಸ್ ಜಾಸ್ತಿ ಇದ್ದರೆ ಡೈಸ್‌ಗೆ +1ರಂತೆ.

ಇಲ್ಲಿ 3ಡಿ6 ಉರುಳಿಸಿ ಸ್ಕಿಲ್‌ಗಿಂತ ಕೆಳಗೆ ಅಥವಾ ಸಮ ಬರಿಸಬೇಕು. ಡಿ20ಯ ಹಾಗೆ ಪ್ರತಿ ಮೆಟ್ಟಿಲಿಗೂ ಶೇ. 5 ಅಲ್ಲ. ಸ್ಕಿಲ್ 10 ಇದ್ದರೆ ಶೇ. 50. +4 ತೆಗೆದುಕೊಂಡು 14 ಆದರೆ ಶೇ. 90.7. ಅದೇ ಸ್ಕಿಲ್ 14 ಇರುವವರು +4 ತೆಗೆದುಕೊಂಡರೆ ಶೇ. 98ಕ್ಕೆ ಏರುತ್ತಾರೆ, ಬರೀ 7 ಅಂಶ. ಹೊಸಬರಿಗೆ ಗುರಿ, ಪಳಗಿದವರಿಗೆ ಏಟು. ಸೂತ್ರವೇ ಬೇಕಿಲ್ಲ.

ಎಸಿ ಗೊತ್ತಿಲ್ಲದೆ ಇದನ್ನೆಲ್ಲ ಹೇಗೆ ಮಾಡೋದು?

ಡಿಎಂ ಎಸಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ ಬೇರೆಯವರ ರೋಲ್ ಕೇಳಿಸಿಕೊಳ್ಳಿ. ರೇಂಜರ್ 14ಕ್ಕೆ ಮಿಸ್, ಪ್ಯಾಲಡಿನ್ 17ಕ್ಕೆ ಹಿಟ್ ಅಂದರೆ ಎಸಿ 15ರಿಂದ 17ರ ನಡುವೆ ಇದೆ. ವರ್ಣನೆಯಲ್ಲೂ ಸುಳಿವು ಇರುತ್ತದೆ. ಪ್ಲೇಟ್ ಅಂದರೆ 18, ಚೈನ್ ಮೇಲ್ ಅಂದರೆ 16, ಗುರಾಣಿ ಹಿಡಿದಿದ್ದರೆ ಇನ್ನೆರಡು. ಕಂಬದ ಹಿಂದೆ ಅರ್ಧ ಮರೆಯಾಗಿದ್ದರೆ ಇನ್ನೂ ಎರಡು, ಮುಕ್ಕಾಲು ಮರೆಯಾಗಿದ್ದರೆ ಐದು. ಶಾರ್ಪ್‌ಶೂಟರ್ ಇದ್ದವರಿಗೆ ಮಾತ್ರ ಈ ಮರೆಯ ಲೆಕ್ಕ ಇಲ್ಲ.

ಏನೂ ಗೊತ್ತಿಲ್ಲದಿದ್ದರೆ ಸರದಿಯ ಮೊದಲ ಏಟನ್ನು ಮಾಮೂಲಿಯಾಗಿ ಹೊಡೆಯಿರಿ. ನಿಮ್ಮ ಒಟ್ಟು ಸಂಖ್ಯೆ 15 ಬಂದು ತಾಗಿದರೆ ಎರಡನೆಯದಕ್ಕೆ −5 ತೆಗೆದುಕೊಳ್ಳಿ. 17 ಬಂದೂ ಮಿಸ್ ಆದರೆ ಆ ಶತ್ರುವಿಗೆ −5 ಬೇಡ, ಕ್ಲೆರಿಕ್ ಕಡೆ ತಿರುಗಿ ಬ್ಲೆಸ್ ಉಳಿದಿದೆಯಾ ಅಂತ ಕೇಳಿ.